ಬಿಳಿ ಕಾಣ್ತಾ?

ಹೊಸತೊಡಕಿನ ಬಾಡೂಟ ಕರಗುವ ಮೊದಲೇ
ಅತಾವುಲ್ಲಾನ ತಳ್ಳುಗಾಡಿ ಮುಂದೆ ನಿಂತು ಪಂದ್ಯ ಕಟ್ಟಿದೆ:
ಮಂಡಿಯಿಂದ ಮೊದಲ ತೋತಾಪುರಿ ಲಾರಿ ಹೊರಡುವತನಕ
ಶ್ರೀನಿವಾಸಪುರ ತಾಲ್ಲೂಕಿನ ಮಣ್ಣಲ್ಲಿ ಬೆಳೆದದ್ದು ಬಿಟ್ಟು
ಬೇರೆ ಹಣ್ಣು ಬಾಯಿಗಿಡೋದಿಲ್ಲ.
ಸೋತರೆ ನಿನಗೊಂದು ಕೊಡೆ,
ಗಾಡಿಗೆ ಕಟ್ಟುವಂಥ ದೊಡ್ಡದು.

ಸೇಬಿನ ಮೈಮೇಲಿನ ಚೀಟಿಯನ್ನು ಉಗುರಲ್ಲಿ ಕೀಳುತ್ತ ಅವನು ನಕ್ಕ.
"ಮಂಡಿ ಲೆಕ್ಕ ಬರೆಯೋ ಅಕ್ಕ ನೀವು,
ಸುತ್ತ ಎತ್ತ ನೋಡಿದ್ರೂ ಮಾವಿನ ತೋಪು.
ಇದೂ ಒಂದು ಪಂದ್ಯವಾ?"
ನಾನೂ ಹಾಗೇ ಅಂದುಕೊಂಡಿದ್ದೆ.

ತೋಪಿತ್ತು. ಹಣ್ಣಿರಲಿಲ್ಲ.
ಎಲೆಗಳ ನಡುವೆ ಗೋಲಿ ಗಾತ್ರದ ಹಸಿರು,
ಆಮೇಲೆ ನಿಂಬೆ ಗಾತ್ರ, ಆಮೇಲೆ ಒಂದು ಬಿರುಗಾಳಿ.
ಉದುರಿದ್ದನ್ನು ಬೈರಾರೆಡ್ಡಿ ಬುಟ್ಟಿಗಟ್ಟಲೆ ಉಪ್ಪಿನಕಾಯಿಗೆ ಕೊಟ್ಟ.
ಉಪ್ಪಿನಕಾಯಿ ಹಣ್ಣಲ್ಲ. ಕೇಳಿ ನೋಡಿದೆ.

ಬಾರೆ ಶಿವರಾತ್ರಿಗೇ ಮುಗಿದಿತ್ತು.
ಬೇಲದ ಮರ ಕೋತಿಗಳ ಗುತ್ತಿಗೆಯಲ್ಲಿತ್ತು.
ಬಸ್ ನಿಲ್ದಾಣದ ಕಲ್ಲಂಗಡಿ ರಾಶಿಯ ಹುಡುಗ
"ನಮ್ಮೂರದ್ದೇ ಅಕ್ಕ" ಅನ್ನುತ್ತಾನೆ,
ಅವನ ಬೆನ್ನ ಹಿಂದೆಯೇ ತಮಿಳುನಾಡಿನ ನಂಬರಿನ ಲಾರಿ.
ಕೆಂಪು ಹೋಳುಗಳನ್ನು ಐಸಿನ ಮೇಲೆ ಒರಗಿಸಿಟ್ಟಿದ್ದ.
ಅಲ್ಲೇ ಅರವಟ್ಟಿಗೆಯಲ್ಲಿ ಎರಡು ಲೋಟ ನೀರು ಕುಡಿದು ಬಂದೆ.

ಹದಿನೇಳು ದಿನಕ್ಕೆ ಸಿಕ್ಕಿದ್ದು:
ಹಿತ್ತಲ ಪರಂಗಿ ಎರಡು, ಒಂದು ಗಿಳಿ ಕಚ್ಚಿದ್ದು.
ಕೆರೆಯಂಗಳದ ಕರಬೂಜ, ಸಪ್ಪೆ.
ಆಮೇಲೆ ಸರ್ಕಾರಿ ಶಾಲೆಯ ಕಾಂಪೌಂಡಿನ ಸೀಮೆಹುಣಸೆ.
ದೋಟಿ ಹಿಡಿದ ನನ್ನನ್ನು ಕಂಡು ಹೆಡ್ಮಾಸ್ಟರು
ನಮಸ್ಕಾರ ಅನ್ನಲೋ ಬೈಯಲೋ ತಿಳಿಯದೆ
ಕನ್ನಡಕ ಒರೆಸಿಕೊಂಡರು.
ನಲವತ್ತಾರನೇ ವಯಸ್ಸಿಗೆ ಸೆರಗಲ್ಲಿ ಸುರುಳಿಕಾಯಿ ಕಟ್ಟಿಕೊಂಡು
ಮಟಮಟ ಮಧ್ಯಾಹ್ನ ನಡೆದೆ.
ಒಗರು ಗಂಟಲಲ್ಲಿ ಕೂತದ್ದು ಸಂಜೆವರೆಗೂ ಏಳಲಿಲ್ಲ.

ಅಷ್ಟರಲ್ಲಿ ಲಕ್ಷ್ಮೀನರಸಮ್ಮತ್ತೆಗೆ ಕೋಲಾರದಲ್ಲಿ ಆಪರೇಷನ್.
ಆಸ್ಪತ್ರೆಗೆ ಬರಿಗೈಲಿ ಹೋಗುವಂತಿಲ್ಲ,
ಅಲ್ಲಿಗೆ ಹೋಗುವ ಹಣ್ಣಿಗೂ ಒಂದು ಅಂತಸ್ತು ಬೇಕು:
ಸೇಬು, ಮೂಸಂಬಿ, ತೀರಾ ಅಂದರೆ ದಾಳಿಂಬೆ.
ನಾನು ಬಿಚ್ಚಿದ್ದು ಸೀಮೆಹುಣಸೆಯ ಗಂಟು.
ಅತ್ತೆ ಗೋಡೆ ಕಡೆ ಹೊರಳಿದರು.
"ಕುರಿ ಕಾಯೋ ಹುಡುಗ್ರು ತಿನ್ನೋದು ತಂದವ್ಳೆ"
ಅಂದರು, ಗೋಡೆಗೆ.

ಪಕ್ಕದ ಮಂಚದಲ್ಲಿ ಮಾಲೂರಿನ ಇಟ್ಟಿಗೆ ಗೂಡಿನ ಹೆಂಗಸು,
ಕಾಲಿಗೆ ಕಟ್ಟು, ಕೇಳದೆಯೇ ಕೈ ಚಾಚಿದಳು.
ತಿರುಳು ತಿಂದು, ಬೀಜ ಉಳಿಸಿಕೊಂಡು,
ಕಪ್ಪು ಸಿಪ್ಪೆಯನ್ನು ಉಗುರ ತುದಿಯಲ್ಲಿ ಕೆರೆಯತೊಡಗಿದಳು,
ಒಳಗಿನ ಕಂದು ಪೊರೆ ಹರಿಯದ ಹಾಗೆ.
ಬಿಳಿ ಕಂಡರೆ ಸೋತಂತೆ.
ಕಾಣದಿದ್ದರೆ, ಬೀಜವನ್ನು ಕಿಟಕಿಯಲ್ಲಿಟ್ಟರೆ, ನೆಂಟರು ಬರುತ್ತಾರಂತೆ.
ಫ್ಯಾನು ತಿರುಗುತ್ತಿತ್ತು. ನರ್ಸು ಬಂದು ಹೋದಳು.
ಎಷ್ಟೋ ಹೊತ್ತಾದ ಮೇಲೆ ಗೋಡೆ ಕಡೆಯಿಂದ
ಅತ್ತೆ ಅರ್ಧ ತಲೆ ತಿರುಗಿಸಿ ಕೇಳಿದರು,
"ಬಿಳಿ ಕಾಣ್ತಾ?"

ಪಂದ್ಯ ಸೋತೆ, ಹೇಳಿಬಿಡುತ್ತೇನೆ.
ಮೇ ಕೊನೆ. ಮಂಡಿಯಲ್ಲಿ ಕಾಯಿ ಇಳಿಯುತ್ತಿತ್ತು,
ಎಲ್ಲಾ ಕಲ್ಲುಕಾಯಿ: ಅರ್ಧ ಪಲ್ಪ್ ಫ್ಯಾಕ್ಟರಿಗೆ, ಅರ್ಧ ದೆಹಲಿಗೆ.
ನಾನು ಬರೆದ ಟನ್ನುಗಳಲ್ಲಿ ಒಂದು ಕಾಯಿಯೂ ಈ ಊರಲ್ಲಿ ಹಣ್ಣಾಗುವುದಿಲ್ಲ.
ಲಾರಿಗೆ ಇನ್ನೂ ಟಾರ್ಪಾಲು ಬಿಗಿಯುತ್ತಿದ್ದರು.
ತಕ್ಕಡಿಯ ನಾರೆಪ್ಪ ತಣ್ಣನೆ ಬಾಟಲಿಯೊಂದು ಕೈಗಿಟ್ಟ. ಮಾವಿನ ಜ್ಯೂಸು.
ಅರ್ಧ ಕುಡಿದ ಮೇಲೆ ನೆನಪಾಯಿತು.

ಅತಾವುಲ್ಲಾ ಬಾಟಲಿ ತಿರುಗಿಸಿ ತಿರುಗಿಸಿ ಓದಿದ.
ತಯಾರಾದ ಊರಿತ್ತು. ಸಕ್ಕರೆ ಎಷ್ಟೆಂದಿತ್ತು.
ಕಾಯಿ ಯಾವ ತೋಪಿನದು ಅಂತ ಇರಲಿಲ್ಲ.
"ಹೋದ್ವರ್ಷದ ನಿಮ್ಮ ಪುಸ್ತಕದಲ್ಲೇ ಇರ್ಬೇಕಲ್ಲ ಅಕ್ಕ."
ಇರಬಹುದು. ಇರಲಿಕ್ಕಿಲ್ಲ.
ಕೊಡೆ ಕೊಡಿಸಿದೆ. ಕೆಂಪು, ಹಳದಿ ಪಟ್ಟೆ.

ಜೂನಿನಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ,
ಅದೇ ಕೊಡೆಯ ನೆರಳಲ್ಲಿ ನೇರಳೆ ಬಂತು.
"ಯಲ್ದೂರು ಕೆರೆ ಏರಿಯದು, ಈಗ ಗೆದ್ದೇನು ಬಂತು"
ಅನ್ನುತ್ತ ಅತಾವುಲ್ಲಾ ಸೇಬನ್ನೆಲ್ಲ ಹಿಂದಕ್ಕೆ ಸರಿಸಿ
ಎಲೆಯಲ್ಲಿ ಉಪ್ಪು ಉದುರಿಸಿ ಕೊಟ್ಟ,
ತಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡ.
ಗಿರಾಕಿ ಇರಲಿಲ್ಲ.
ನಾಲಗೆ ಚಾಚಿ ಯಾರದು ಹೆಚ್ಚು ನೀಲಿ ಅಂತ
ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆವು.